ಮಲ್ಲಿಕಮ್ಮನ ಹರವಿಯ ಮೀನು

ನಿಮ್ಮ ಮನೆಯ ನೀರು ಚಲೋ ಇದೆಯೇ ಎಂದು ಯಾರಾದರೂ ಕೇಳಿದರೆ ದೇವಾಪುರದ ಕಡೆಯ ಮಲ್ಲಿಕಮ್ಮ ಬಾಯಿಂದ ಉತ್ತರ ಕೊಡುತ್ತಿರಲಿಲ್ಲ. ಅವರನ್ನು ಪಡಸಾಲೆಗೆ ಕರೆದು, ಮಣ್ಣಿನ ಹರವಿಯ ಮುಚ್ಚಳ ತೆಗೆದು ತೋರಿಸುತ್ತಿದ್ದಳು. ಒಳಗೆ ಹಳ್ಳದಿಂದ ಹಿಡಿದು ತಂದ ಎರಡು ಪುಟ್ಟ ಮೀನು ಬಾಲ ಆಡಿಸುತ್ತಿದ್ದವು.

ಅವಳದು ಹೊಳೆದಂಡೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ. ಹಳ್ಳದ ಮರಳಲ್ಲಿ ಹೊಸ ವರತಿ, ಅಂದರೆ ನೀರಿನ ಗುಂಡಿ, ತೋಡಿದರೆ ಮೊದಲು ಅದರಲ್ಲಿ ಮೀನು ಬಿಡಬೇಕು, ಮೂರು ದಿನ ಮೀನು ಬದುಕಿದರೆ ಆ ನೀರನ್ನು ಮನೆಗೆ ತರಬೇಕು. ಅತ್ತೆ ಕಲಿಸಿದ ಈ ಪದ್ಧತಿಯನ್ನು ಅವಳು ಒಂದು ದಿನವೂ ಬಿಟ್ಟವಳಲ್ಲ.

ಆ ವಾರ ಮನೆ ತುಂಬ ನಗೆ. ಚೊಚ್ಚಲ ಬಸುರಿ ಮಗಳು ಪಾರ್ವತೆಮ್ಮ ತವರಿಗೆ ಬಂದಿದ್ದಳು. ಶುಕ್ರವಾರ ಕುಬಸ, ಅಂದರೆ ಸೀಮಂತ. ಅಂದಿನ ಅಡುಗೆಗೂ, ಬಾಣಂತನಕ್ಕೂ ಹಳ್ಳದ ನೀರೇ ಎಂದು ಮಲ್ಲಿಕಮ್ಮ ನಿಶ್ಚಯ ಮಾಡಿದ್ದಳು. ಶಾಲೆಯ ಹತ್ತಿರದ ಬೋರಿಂಗಿನ ನೀರು ಗಡಸು, ಅದರಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಅವಳ ತಕರಾರು.

ಇಂಥ ಗದ್ದಲದಲ್ಲಿ ಆಶಾ ಕಾರ್ಯಕರ್ತೆ ಜಹೀರುನ್ನೀಸಾ ಬಂದಳು. ಸೊಳ್ಳೆಮರಿ ತಿನ್ನುವ ಗಪ್ಪಿ ಮೀನನ್ನು ಮನೆಮನೆಗೆ ಹಂಚುತ್ತಿದ್ದಳು. ಅಂಗಳದ ತೊಟ್ಟಿಯಲ್ಲಿ ನಾಲ್ಕು ಬಿಟ್ಟು ಮುಂದಿನ ಮನೆಗೆ ಹೋದಳು. ತೊಟ್ಟಿಯಲ್ಲಿದ್ದುದೂ ಹಳ್ಳದ ನೀರೇ. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಹೊಟ್ಟೆ ಮೇಲೆ ಮಾಡಿ ತೇಲಿದವು.

ಮಲ್ಲಿಕಮ್ಮ ಅವಳನ್ನು ಕೂಗಿ ಕರೆದಳು. "ನಿಮ್ಮ ಸರ್ಕಾರಿ ಮೀನು ಅರ್ಧ ದಿನಾನೂ ಡ್ಯೂಟಿ ಮಾಡಲಿಲ್ಲಲ್ಲ ಜಹೀರಾ. ನಮ್ಮ ಹಳ್ಳದ್ದು ನೋಡು, ಒಂದು ದಿನಾನೂ ರಜಾ ಹಾಕಿಲ್ಲ."

ಜಹೀರುನ್ನೀಸಾ ನಕ್ಕಳು. ಆಮೇಲೆ ಹರವಿಯೊಳಗೆ ಬಗ್ಗಿ ನೋಡಿದಳು. ತಾನು ತಂದವೂ ಹರವಿಯವೂ ಒಂದೇ ಜಾತಿಯ ಮೀನು. ಇಪ್ಪತ್ತು ವರ್ಷದ ಹಿಂದೆ ಆರೋಗ್ಯ ಇಲಾಖೆಯವರು ಹಳ್ಳಕ್ಕೆ ಬಿಟ್ಟ ಗಪ್ಪಿಯ ಸಂತಾನವೇ ಇವು ಎಂದಳು. ಬಸ್ಸಿನಲ್ಲಿ ಬಂದ ದಣಿವಿಗೆ ನಿನ್ನವು ಸತ್ತಿರಬೇಕು ಎಂದು ಮಲ್ಲಿಕಮ್ಮ ವಾದ ಹೂಡಿದಳು. ಹಾಗಿದ್ದರೆ ನಾಳೆ ನೋಡೇಬಿಡೋಣ ಎಂದು ಇಬ್ಬರೂ ಒಪ್ಪಿದರು.

ಮರುದಿನ ಮುಂಜಾನೆ ಎರಡು ಬಕೀಟು ಇಟ್ಟರು. ಮಲ್ಲಿಕಮ್ಮ ತಾನೇ ತಿಕ್ಕಿದಳು, ನೀರನ್ನೂ ತಾನೇ ತಂದಳು. ಒಂದರಲ್ಲಿ ಹಳ್ಳದ್ದು, ಇನ್ನೊಂದರಲ್ಲಿ ಬೋರಿಂಗಿನದು. ಒಂದೇ ಬಾಟಲಿಯ ಗಪ್ಪಿಯನ್ನು ಎರಡಕ್ಕೂ ಹಂಚಿ ಬಿಟ್ಟರು. ಹಳ್ಳದ ಬಕೀಟಿಗೆ ಮಲ್ಲಿಕಮ್ಮ ತನ್ನ ಎರಡು ಮೀನನ್ನೂ ಹಾಕಿದಳು. ಊಟದ ಹೊತ್ತಿಗೆ ಬೋರಿಂಗಿನ ನೀರಲ್ಲಿ ಎಲ್ಲವೂ ಓಡಾಡುತ್ತಿದ್ದವು. ಹಳ್ಳದ ನೀರಲ್ಲಿ ಹೊಸವು ಅಷ್ಟೂ ಸತ್ತಿದ್ದವು. ಅವಳ ಎರಡು ಮಾತ್ರ ಸತ್ತವುಗಳ ನಡುವೆ ಆರಾಮಾಗಿ ಈಜುತ್ತಿದ್ದವು.



ಕಾಲುವೆ ನೀರು ಬಂದು ಮೇಲಿನ ಹೊಲಗಳೆಲ್ಲ ಭತ್ತದ ಗದ್ದೆಯಾದ ಮೊದಲ ವರ್ಷಗಳು ನೆನಪಿವೆಯೇ ಎಂದು ಜಹೀರುನ್ನೀಸಾ ಕೇಳಿದಳು. ನೆನಪಿಲ್ಲದೆ ಏನು? ಬೆಳೆಗೆ ಹುಳ ಕೊಲ್ಲುವ ಎಣ್ಣೆ ಹೊಡೆದ ಮರುದಿನ ಹಳ್ಳದ ತುಂಬ ಸತ್ತ ಮೀನು ಬೆಳ್ಳಗೆ ತೇಲುತ್ತಿದ್ದವು. ಬರಬರುತ್ತ ಸಾಯುವುದು ನಿಂತಿತು. ಎಣ್ಣೆಯ ಜೋರು ಕಡಿಮೆಯಾಗಿದೆ ಎಂದೇ ಮಲ್ಲಿಕಮ್ಮ ತಿಳಿದಿದ್ದಳು.

"ಎಣ್ಣಿ ಜೋರು ಕಮ್ಮಿ ಆಗಿಲ್ಲಕ್ಕ, ಮೀನು ಬ್ಯಾರೆ ಆಗ್ಯಾವ," ಎಂದಳು ಜಹೀರುನ್ನೀಸಾ. "ಸಾವಿರದಾಗ ಹತ್ತಕ್ಕ ಹುಟ್ಟಿನಿಂದಾನ ವಿಷ ತಡಿಯೋ ಗುಣ ಇತ್ತು. ಅವು ಹತ್ತು ಉಳದು ಮರಿ ಹಾಕಿದ್ವು. ಮರಿಗೋಳಿಗೂ ಆ ಗುಣ ಬಂತು. ಮತ್ತ ಎಣ್ಣಿ ಬಂತು, ತಡಿಲಾರದವು ಸತ್ವು, ತಡದವು ಹಡದ್ವು. ಈ ಮೀನು ತಿಂಗಳ ತಿಂಗಳ ಹಡಿತಾವ. ಇಪ್ಪತ್ತು ವರ್ಷದಾಗ ಎಷ್ಟು ತಲಿಮಾರು ಆಗಿರಬೇಕು ನೀನ ಹೇಳು."

ಬಾಗಿಲಲ್ಲಿ ಕುಳಿತಿದ್ದ ಪಾರ್ವತೆಮ್ಮ ನಕ್ಕುಬಿಟ್ಟಳು. "ತಿಂಗಳಾ ಕುಬಸ ಅಂದ್ರ ನಮ್ಮವ್ವನ ಕೈ ಹೋಳಿಗಿ ತಟ್ಟೀ ತಟ್ಟೀ ಬಿದ್ದ ಹೋಗ್ತಾವ."

ಮಲ್ಲಿಕಮ್ಮನೂ ನಕ್ಕಳು, ಆದರೆ ಪಟ್ಟು ಬಿಡಲಿಲ್ಲ. "ಆತು ಬಿಡು. ಮೀನಿಗಿ ಆದಂಗ ನಮಗೂ ರೂಢಿ ಆಗ್ತದ."

"ಅವಕ್ಕ ರೂಢಿ ಆದದ್ದಲ್ಲಕ್ಕ. ಸಾವಿರದಾಗ ಒಂಬೈನೂರ ತೊಂಬತ್ತು ಸತ್ತು ಹೋದ ಮ್ಯಾಲ ಉಳದವು ಇವು. ನಮ್ಮ ಮನ್ಯಾಗೂ ಹಂಗ ಆಗಬೇಕಂದ್ರ, ಮೊದಲ ಯಾರನ್ನ ಕಳಕೋತಿ?"

ಮಲ್ಲಿಕಮ್ಮ ಮಗಳ ಕಡೆ ನೋಡಿದಳು. ಪಾರ್ವತೆಮ್ಮನ ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದರಲ್ಲಿ ಹರವಿಯಿಂದ ತುಂಬಿದ ಲೋಟ. ಮಲ್ಲಿಕಮ್ಮ ಎದ್ದು ಲೋಟ ಕಸಿದುಕೊಂಡು ಅಂಗಳಕ್ಕೆ ಚೆಲ್ಲಿದಳು. ಕುದಿಸಿ ಕುಡಿದರೆ ನಡೆದೀತೇ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಕುದಿಸಿದರೆ ರೋಗದ ಹುಳ ಸಾಯುತ್ತವೆ, ಈ ವಿಷ ಹೋಗುವುದಿಲ್ಲ ಎಂದಳು ಜಹೀರುನ್ನೀಸಾ. ವಿಷ ತಡೆಯುವ ಮೀನು ಅದನ್ನು ಮೈಯಲ್ಲೇ ಹೊತ್ತಿರಬಹುದು, ಹಳ್ಳದ ಮೀನಿನ ಸಾರೂ ಬೇಡ ಎಂದಳು. ಬೋರಿಂಗಿನ ನೀರು ಪಂಚಾಯ್ತಿಯಿಂದ ತಪಾಸಣೆಯಾಗಿದೆ. ಬೇಳೆಯನ್ನು ಹಿಂದಿನ ದಿನವೇ ನೆನೆಹಾಕಿದರೆ ಅದರಲ್ಲೂ ಬೇಯುತ್ತದೆ ಎಂದೂ ಹೇಳಿದಳು.

ಅದೇ ಹೊತ್ತಿಗೆ ಮಲ್ಲಿಕಮ್ಮನ ಗಂಡ ಅಯ್ಯಣ್ಣ ಹೆಗಲಿಗೆ ಎಣ್ಣೆ ಹೊಡೆಯುವ ಪಂಪು ಹಾಕಿಕೊಂಡು ಹಳ್ಳದ ದಾರಿ ಹಿಡಿದಿದ್ದ. ತೊಳೆಯಲು ಹೊರಟಿದ್ದ. ಮಲ್ಲಿಕಮ್ಮ ಅಡ್ಡ ನಿಂತಳು. "ಎಲ್ಲಿ ಹೊಂಟೀರಿ? ಹೊಲದಾಗ ತೊಳೀರಿ, ಆ ನೀರು ನಿಮ್ಮ ಬೆಳಿಗೇ ಹೊಡೀರಿ. ಹಳ್ಳಕ್ಕ ಕಾಲಿಟ್ರ ಶುಕ್ರವಾರ ಹೋಳಿಗಿ ಇಲ್ಲ." ಹೋಳಿಗೆಯ ಮಾತು ಬಂದದ್ದೇ ಅಯ್ಯಣ್ಣ ಹೊಲದ ಕಡೆ ತಿರುಗಿದ.

ಗುರುವಾರ ಮಲ್ಲಿಕಮ್ಮ ಬೋರಿಂಗಿನಿಂದ ಹನ್ನೊಂದು ಕೊಡ ಹೊತ್ತಳು. ಶುಕ್ರವಾರ ಹೂರಣ ಬೆಣ್ಣೆಯಂತೆ ಬೆಂದಿತ್ತು. ಹಸಿರು ಸೀರೆ, ಹಸಿರು ಬಳೆಯ ಪಾರ್ವತೆಮ್ಮನನ್ನು ನಡುವೆ ಕೂಡಿಸಿ ಹೆಂಗಸರು ಹಾಡಿದರು, ಜಹೀರುನ್ನೀಸಾಳನ್ನೂ ಹಾಡಿಸಿದರು. ಬಂದವರಿಗೆಲ್ಲ ಮಲ್ಲಿಕಮ್ಮ ಹೋಳಿಗೆಯ ಜೊತೆಗೆ ಬಕೀಟಿನ ಕಥೆಯನ್ನೂ ಬಡಿಸಿದಳು. ಸಂಜೆ ಏಳು ಹೆಂಗಸರು ಮನೆಗೆ ಹೋಗಿ ಖಾಲಿ ಕೊಡ ಹಿಡಿದು ನೆಟ್ಟಗೆ ಬೋರಿಂಗಿಗೆ ನಡೆದರು.

ಅವ್ವಗಳಿರಾ, ಅಕ್ಕಗಳಿರಾ, ನೀವೂ ಕೇಳಿರಿ. ಮೀನು ಬದುಕಿದ ನೀರೆಲ್ಲ ನಮ್ಮನ್ನು ಬದುಕಿಸುವ ನೀರಲ್ಲ. ಎಣ್ಣೆಯ ಡಬ್ಬಿ, ಪಂಪು ಹಳ್ಳದಲ್ಲಿ, ಕಾಲುವೆಯಲ್ಲಿ ತೊಳೆಯಬೇಡಿರಿ, ತೊಳೆಯುವವರನ್ನು ಕಂಡರೆ ಸುಮ್ಮನಿರಬೇಡಿರಿ. ನೀವು ಕುಡಿಯುವ ನೀರಿನ ತಪಾಸಣೆ ಆಗಿದೆಯೇ ಎಂದು ನಾಳೆಯೇ ಪಂಚಾಯ್ತಿಗೆ ಹೋಗಿ ಕೇಳಿರಿ. ಒಬ್ಬರೇ ಹೋಗಬೇಡಿರಿ, ಓಣಿಯ ಹೆಂಗಸರೆಲ್ಲ ಕೂಡಿ ಹೋಗಿರಿ.