ಕಿಟಕಿಗೆ ಹೊಂದಿದ ಮೊಟ್ಟೆ

ಗಡಿಯಾರದ ಮಾಮ ಹಿತ್ತಲಿನಲ್ಲಿ ಕೂತು ಕೋಳಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಿದ್ದರು. ಅಂಗಡಿಯಲ್ಲಿ ಕೈಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರದಲ್ಲೇ ಈಗ ಅದರ ಅಂಗಾಲನ್ನು ನೋಡುತ್ತಿದ್ದರು. ಕೋಳಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಒಮ್ಮೆ ಕೊಸರಾಡಿ, ಅವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ ತನ್ನ ಅಭಿಪ್ರಾಯ ಬಿಟ್ಟು ಸುಮ್ಮನಾಯಿತು.

"ನಿಮ್ಮಪ್ಪನ ಕೋಳಿಗಳೇ ಹೀಗೆ. ಮನೆಗೆ ಬಂದವರಿಗೆ ಮರ್ಯಾದೆ ಕೊಟ್ಟಿದ್ದೇ ಇಲ್ಲ," ಎಂದರು.

ಎದುರಿಗೆ ನಿಂತಿದ್ದ ಆ ಮನೆಯ ಮಗಳು ನಗಲಿಲ್ಲ. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಅವಳು ಅವತ್ತು ಅಂಗಡಿ ಬೇಗ ಮುಚ್ಚಿ ಬಂದಿದ್ದಳು. ಮರುದಿನ ಕೋಳಿ ಪ್ರದರ್ಶನ. ಶುದ್ಧ ತಳಿಗಳ ಸಾಲಿನಲ್ಲಿ ಒಂದು ಪಂಜರ, ಆ ಪಂಜರಕ್ಕೆ ತೀರಿಹೋದ ಅಪ್ಪನ ಹೆಸರಿನ ಚೀಟಿ, ಒಳಗೆ ಅಪ್ಪ ಉಳಿಸಿಹೋದ ನೀಲಿ ಮೊಟ್ಟೆಯ ತಳಿಯ ಈ ಹೇಂಟೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕಾಗಿಯೇ ಅಪ್ಪ ಹೋದ ಮೇಲೂ ಹೊಲಿಗೆಯ ನಡುವೆ ಗೂಡು ಗುಡಿಸಿ, ಮರಿಗಳಿಗೆ ಕಾವು ಕೊಡಿಸಿ, ನೆರೆಯವರ ಬೆಕ್ಕುಗಳೊಡನೆ ಜಗಳವಾಡಿಕೊಂಡು ಬಂದಿದ್ದಳು. ಯಾವ ಕೋಳಿ ಯಾವ ಸಾಲಿಗೆ ಎಂದು ತೀರ್ಮಾನಿಸುವವರು ಗಡಿಯಾರದ ಮಾಮ. ಅಪ್ಪನ ಗೆಳೆಯರು. ನಾಳೆ ನಾಲ್ಕು ಜನರ ಎದುರು ಏನಾದರೂ ಹೇಳಬೇಕಾಗಿ ಬಂದರೆ ಎಂದು ಒಂದು ದಿನ ಮುಂಚೆ ಮನೆಗೇ ಬಂದಿದ್ದರು.

"ಏನು ಮಾಮ, ಬಾಯಿ ಬಿಡ್ತಾನೇ ಇಲ್ಲ ನೀವು?"

"ಏನಂತ ಹೇಳ್ಲಮ್ಮ. ಗಡ್ಡ ಇದೆ, ಕೆನ್ನೆಗೆ ಗರಿ ಇದೆ, ಜುಟ್ಟೂ ಬಟಾಣಿ ಸಾಲಿಟ್ಟ ಹಾಗೆ ಪುಟ್ಟದಾಗೇ ಇದೆ. ಅದೆಲ್ಲ ಬೆರಕೆಗೂ ಬರುತ್ತೆ. ಕಾಲು ನೋಡು. ಸ್ಲೇಟಿನ ಬಣ್ಣ ಇರಬೇಕಿತ್ತು, ಹಸಿರಿಗೆ ತಿರುಗಿದೆ. ಅಂಗಾಲು ಬಿಳಿ ಇರಬೇಕಿತ್ತು. ಇದು ಹಳದಿ."

"ಕಾಲು ಬಿಡಿ, ಮೊಟ್ಟೆ ನೋಡಿ," ಎಂದು ಅವಳು ಗೂಡಿನಿಂದ ಅವತ್ತಿನ ಮೊಟ್ಟೆ ತಂದು, ನೇರವಾಗಿ ಅಡುಗೆಮನೆಯ ಕಿಟಕಿಯ ಚೌಕಟ್ಟಿಗೆ ಹಿಡಿದಳು. "ಎಲ್ಲಿದೆ ಹೇಳಿ ವ್ಯತ್ಯಾಸ?"

ಆ ಮನೆಯಲ್ಲಿ ಮೊಟ್ಟೆಯ ಪರೀಕ್ಷೆ ನಡೆಯುತ್ತಿದ್ದದ್ದು ಹಾಗೆಯೇ. ಅಪ್ಪ ಬಡಗಿ. ಕಿಟಕಿಯನ್ನು ತಾನೇ ಮಾಡಿದ್ದ. ಮೊದಲ ಹೇಂಟೆ ಮೊದಲ ನೀಲಿ ಮೊಟ್ಟೆ ಇಟ್ಟ ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಣ್ಣದ ಅಂಗಡಿಗೆ ಹೋಗಿ, ಇದೇ ಬಣ್ಣ ಕಲಸಿಕೊಡು ಎಂದು ಪಟ್ಟು ಹಿಡಿದು, ತಂದು ಚೌಕಟ್ಟಿಗೆ ಬಳಿದಿದ್ದನಂತೆ. ಅಂದಿನಿಂದ ದಿನವೂ ಸಂಜೆ ಹಿತ್ತಲಿನಲ್ಲಿ ನಿಂತು ಒಂದೊಂದೇ ಮೊಟ್ಟೆಯನ್ನು ಚೌಕಟ್ಟಿಗೆ ಹಿಡಿದು ನೋಡುತ್ತಿದ್ದ. ಹೊಂದಿದ್ದು ಕಾವಿಗೆ, ಹೊಂದದ್ದು ಬಾಣಲೆಗೆ. ಚಿಕ್ಕವಳಿದ್ದಾಗ ಮೊಟ್ಟೆಯ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲುವುದು ಅವಳ ಕೆಲಸ. ಅಪ್ಪನ ಕೈಯ ಮರದ ಪುಡಿಯ ವಾಸನೆ, ಒಳಗೆ ಅಮ್ಮ ಪಾತ್ರೆ ಸರಿಸುವ ಸದ್ದು, ಚೌಕಟ್ಟಿನ ಮೇಲೆ ಬೀಳುವ ಇಳಿಬಿಸಿಲು. ಈಗಲೂ ಯಾವುದಾದರೂ ಮರದ ಅಂಗಡಿಯ ಮುಂದೆ ಹಾದುಹೋದರೆ ಅವಳ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು.

ಮಾಮ ಮಸೂರ ತೆಗೆದರು. "ಹೊಂದುತ್ತೆ, ಇಲ್ಲ ಅನ್ನಲ್ಲ. ಆದ್ರೆ ಇದು ನೀಲಿ ಅಲ್ಲಮ್ಮ. ಹಸಿರು."

"ಹಸಿರಾ? ದಿನ ಬೆಳಗಾದ್ರೆ ಬಟ್ಟೆಗೆ ದಾರ ಹೊಂದಿಸೋಳು ನಾನು. ನನಗೇ ಬಣ್ಣ ಹೇಳಿಕೊಡ್ತೀರಾ?"

ಸಿಟ್ಟಿನಲ್ಲೇ ಒಳಗೆ ಹೋಗಿ ಮಿಷನ್ನಿನ ಡ್ರಾಯರಿನಿಂದ ತಿಳಿನೀಲಿ ದಾರದ ಉಂಡೆ ತಂದಳು. ಅದನ್ನು ಮೊಟ್ಟೆಯ ಪಕ್ಕಕ್ಕೆ ಹಿಡಿದಳು. ಆಮೇಲೆ ಚೌಕಟ್ಟಿನ ಪಕ್ಕಕ್ಕೆ. ಮತ್ತೆ ಮೊಟ್ಟೆಯ ಪಕ್ಕಕ್ಕೆ. ಯಾವ ಗಿರಾಕಿಯಾದರೂ ಈ ದಾರವನ್ನು ಆ ಬಣ್ಣದ ಬಟ್ಟೆಗೆ ಹಾಕು ಎಂದಿದ್ದರೆ, ಕಣ್ಣು ಡಾಕ್ಟರ ಹತ್ತಿರ ಹೋಗಿ ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ನೀಲಿ ಕಿಟಕಿ ಎಂದೇ ಕರೆದ ಕಿಟಕಿ ಅಪ್ಪಟ ಹಸಿರಾಗಿ ನಿಂತಿತ್ತು.

ಕಿಟಕಿಯ ಒಳಗೆ ಚಹಾಕ್ಕೆ ನೀರಿಟ್ಟಿದ್ದ ಅಮ್ಮ ಸೌಟು ಕೆಳಗಿಟ್ಟಳು.

"ಮಾಮನ ಮೇಲೆ ಯಾಕೆ ಹಾರಾಡ್ತೀಯ? ಅದು ನಾನು ಮಾಡಿದ ಕೆಲಸ," ಎಂದಳು.

ಸರಳುಗಳ ಆಚೆಯಿಂದಲೇ ಹೇಳಿದಳು. ಅಪ್ಪ ಹೊಟ್ಟೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ವರ್ಷ ಕೋಳಿಗಳಿಗೆ ರೋಗ ಬಂದು ಹುಂಜ ಸತ್ತುಹೋಯಿತು. ಆ ತಳಿಯ ಇನ್ನೊಂದು ಹುಂಜ ಸುತ್ತಮುತ್ತ ಎಲ್ಲೂ ಇರಲಿಲ್ಲ.

"ಆಸ್ಪತ್ರೆಗೆ ಹೋದಾಗೆಲ್ಲ ಮೊದಲು ಕೇಳ್ತಿದ್ದದ್ದು ಹುಂಜನ್ನ, ಆಮೇಲೆ ನನ್ನನ್ನ. ಅರ್ಧ ಜೀವ ಆಗಿ ಮಲಗಿದ್ದ ಮನುಷ್ಯನಿಗೆ ಏನಂತ ಹೇಳ್ಲಿ? ಬೇಕರಿಯವರ ಕೆಂಪು ಹುಂಜ ಗೋಡೆ ಹಾರಿ ಬರ್ತಿತ್ತಲ್ಲ, ಓಡಿಸೋದು ಬಿಟ್ಟೆ. ಮರಿ ಆದ್ವು. ಇವರು ಮನೆಗೆ ಬಂದ ಮೇಲೆ, ಹಳೆ ಹುಂಜ ಹೋಯ್ತು, ಇವು ಅದರವೇ ಮಕ್ಕಳು ಅಂದೆ."

"ಅಪ್ಪ ನಂಬಿದ್ರಾ?"

"ನಂಬಿದ್ರು. ಆದ್ರೆ ಆ ಮರಿಗಳು ದೊಡ್ಡವಾಗಿ ಮೊಟ್ಟೆ ಇಟ್ಟಾಗ ಕಿಟಕಿಗೆ ಹೊಂದಲಿಲ್ಲ. ಕಣ್ಣು ಕಿರಿದು ಮಾಡ್ಕೊಂಡು ಬಹಳ ಹೊತ್ತು ನಿಂತಿದ್ರು. ಇವತ್ತು ಬೆಳಕು ಸರಿ ಇಲ್ಲ ಕಣೇ ಅಂದ್ರು. ಕಿಟಕಿ ಬಣ್ಣ ಕಿತ್ತು ಬಂದಿದೆ ಅಂತ ನೆಪ ಹೇಳಿ, ಆ ಮೊಟ್ಟೆ ತಗೊಂಡು ಬಣ್ಣದ ಅಂಗಡಿಗೆ ಹೋದೆ. ಆಮೇಲೆ ಬಣ್ಣ ಹೊಡೆದಾಗೆಲ್ಲ ಹಾಗೇ ಮಾಡಿದೆ. ಸಾಯೋವರೆಗೂ ಅವರಿಗೆ ಗೊತ್ತಾಗಲಿಲ್ಲ. ಅದೊಂದು ನೆಮ್ಮದಿ ನನಗೆ."

ಮಗಳು ದಾರದ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಅಳಬೇಕೋ ಅಮ್ಮನನ್ನು ಬೈಯಬೇಕೋ ತಿಳಿಯಲಿಲ್ಲ. ಮಾಮ ಕೋಳಿಯನ್ನು ನೆಲಕ್ಕೆ ಬಿಟ್ಟರು. ಅದು ಮೈ ಕೊಡವಿಕೊಂಡು, ತನ್ನ ಕುಲದ ವಿಚಾರ ತನಗೆ ಸಂಬಂಧವೇ ಇಲ್ಲ ಎಂಬಂತೆ ಮಣ್ಣು ಕೆದಕತೊಡಗಿತು.

"ಅತ್ತಿಗೆ, ಹೇಳಬಾರದು ಅಂತಿದ್ದೆ," ಎಂದರು ಮಾಮ. "ಒಂದಿನ ಅವನು ಜೇಬಲ್ಲಿ ಮರಿ ಇಟ್ಕೊಂಡು ನನ್ನ ಅಂಗಡಿಗೆ ಬಂದಿದ್ದ. ಕಾಲು ನೋಡು ಅಂದ. ನೋಡಿದೆ. ಬೆರಕೆ ಕಣೋ ಅಂದೆ. ಗೊತ್ತು ಅಂದ. ಗೊತ್ತಿದ್ರೆ ಇಲ್ಲೀತನಕ ಯಾಕೆ ಬಂದೆ ಮಾರಾಯ ಅಂದ್ರೆ, ನಗ್ತಾ ಕೂತ. 'ನಮ್ಮೋಳು ಕಿಟಕಿಗೆ ಬಣ್ಣ ಹೊಡೆದಿದ್ದಾಳೆ, ಬಂದು ನೋಡೋ. ನಾನು ಬಡಗಿ, ನನಗೂ ಅಷ್ಟು ಚೆನ್ನಾಗಿ ಹೊಂದಿಸೋಕೆ ಆಗ್ತಿರಲಿಲ್ಲ' ಅಂದ. ಆ ವರ್ಷದಿಂದ ಪ್ರದರ್ಶನಕ್ಕೆ ಬರೋದು ಬಿಟ್ಟ. ಕೇಳಿದೋರಿಗೆಲ್ಲ ಮಂಡಿನೋವು ಅಂತಿದ್ದ."

ಮಂಡಿನೋವಿನ ಅಪ್ಪ ಏಣಿ ಹತ್ತಿ ಊರವರ ಮನೆಯ ಮಾಡು ಸರಿಮಾಡುತ್ತಿದ್ದದ್ದು ಮಗಳಿಗೆ ನೆನಪಾಯಿತು. ಆಗ ಅವಳಿಗೆ ಅದು ಹೊಳೆದೇ ಇರಲಿಲ್ಲ.

ಒಲೆಯ ಮೇಲೆ ಚಹಾ ಉಕ್ಕಿ ಚೊರ್ ಎಂದಿತು. ಅಮ್ಮ ತಿರುಗಿಯೂ ನೋಡಲಿಲ್ಲ.

"ಹಾಗಿದ್ರೆ," ಎಂದಳು, "ದಿನಾ ಸಂಜೆ 'ಬಾರೇ ಇಲ್ಲಿ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ನೋಡು' ಅಂತ ನನ್ನನ್ನ ಕರೀತಿದ್ರಲ್ಲ, ಅದು?"

ಮಗಳು ಮುಂದೆ ಬಾಗಿ ಸರಳಿನ ನಡುವೆ ಕೈ ಹಾಕಿ ಒಲೆ ಆರಿಸಿದಳು.

"ಮಾಮ, ನಾಳೆ ಬೆರಕೆ ಸಾಲಲ್ಲೇ ನಿಲ್ಲಿಸಿ."

"ಆ ಸಾಲಿಗೆ ಬಹುಮಾನ ಇಲ್ಲಮ್ಮ. ಬಣ್ಣದ ಮೊಟ್ಟೆ ಅಂತ ಮಕ್ಕಳು ಬಂದು ನೋಡ್ಕೊಂಡು ಹೋಗ್ತಾರೆ, ಅಷ್ಟೇ."

"ನೋಡಲಿ. ಚೀಟೀಲಿ ಅಪ್ಪನ ಹೆಸರಿರಲಿ. ಪಕ್ಕದಲ್ಲಿ ಅಮ್ಮಂದೂ ಬರೀರಿ."

ಅಮ್ಮ ಕೈ ಒರೆಸಿಕೊಳ್ಳುತ್ತಾ ಹಿತ್ತಲಿಗೆ ಬಂದಳು. ಮಗಳ ಕೈಯಿಂದ ಮೊಟ್ಟೆ ತೆಗೆದುಕೊಂಡು, ಅಪ್ಪ ನಿಲ್ಲುತ್ತಿದ್ದ ಚಪ್ಪಡಿಯ ಮೇಲೆ ನಿಂತು, ಅವನಂತೆಯೇ ಚೌಕಟ್ಟಿಗೆ ಹಿಡಿದಳು. ಅವನು ಕರೆದಾಗೆಲ್ಲ ಒಲೆಯ ಮುಂದಿನಿಂದ ಕತ್ತು ಚಾಚಿ, ಹೂಂ ಹೂಂ ಸರಿಯಾಗಿದೆ ಎಂದು ಮುಗಿಸುತ್ತಿದ್ದವಳು ಈ ಕಡೆಯಿಂದ ಎಂದೂ ನೋಡಿರಲಿಲ್ಲ. ಮೊಟ್ಟೆಯ ಅಂಚಿನಾಚೆ ಅಡುಗೆಮನೆ ಕಾಣುತ್ತಿತ್ತು. ಒಲೆ, ಗೋಡೆಗೆ ಒರಗಿಸಿಟ್ಟ ತಟ್ಟೆಗಳು, ಅವುಗಳ ನಡುವೆ ಅವಳು ದಿನವೂ ನಿಲ್ಲುತ್ತಿದ್ದ ಜಾಗ.