ಎರಡು ಮನೆಯ ಜೋಡೆತ್ತು

ಮಾರ್ಥವ್ವನಿಗೆ ಸಿಟ್ಟು ಬಂದರೆ ಅದು ಮೊದಲು ಗೊತ್ತಾಗುವುದು ರೊಟ್ಟಿಗೆ. ಆ ಶನಿವಾರ ಸಂಜೆ ಅವಳು ರೊಟ್ಟಿ ಬಡಿಯುವ ಸಪ್ಪಳ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಅಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ ಗಂಡ ಯೋನಪ್ಪ ಒಳಗೆ ಬರುವ ಧೈರ್ಯ ಸಾಲದೆ, ಹಾಕಿದ ಮೇವನ್ನೇ ಮತ್ತೆ ಮತ್ತೆ ಕೆದರುತ್ತ ನಿಂತಿದ್ದ.

ಸವದತ್ತಿಯಿಂದ ಹೂಲಿಗೆ ಹೋಗುವ ಹಾದಿಯಿಂದ ಒಳಗೆ, ಎರೆ ಹೊಲದ ನಡುವೆ ಅವರ ಮನೆ. ಹೊಲ ದೊಡ್ಡದಲ್ಲ, ಆದರೆ ಆ ಮನೆಯವರು ಉಣ್ಣುವುದೆಲ್ಲ ಅಲ್ಲಿಯದೇ. ಜೋಳ ಹೊಲದ್ದು, ಹಾಲು ಎಮ್ಮೆಯದು, ಕಾಯಿಪಲ್ಲೆ ಹಿತ್ತಲದ್ದು. ಮೂವರು ಮಕ್ಕಳಿಗೂ ಒಂದೊಂದು ಕೆಲಸ. ದೊಡ್ಡವಳು ಕೃಪಾ ಹಿತ್ತಲಿಗೆ ನೀರುಣಿಸಬೇಕು, ಇಮ್ಮಾನುವೇಲ ಕೋಳಿ ಕಾಯಬೇಕು, ಸಣ್ಣವಳು ರೂತ್ ತತ್ತಿ ಹುಡುಕಬೇಕು. ಹುಡುಕಿದ್ದರಲ್ಲಿ ಒಂದನ್ನಾದರೂ ಅವಳು ಒಡೆದೇ ತರುತ್ತಿದ್ದಳು. ಉಣ್ಣುವ ಮುಂಚೆ ಯೋನಪ್ಪ ಕಣ್ಣು ಮುಚ್ಚಿ ಕೈಮುಗಿದನೆಂದರೆ ರೊಟ್ಟಿಗೆ ಸ್ತೋತ್ರ, ಬದನೆಕಾಯಿಗೆ ಸ್ತೋತ್ರ, ಎಮ್ಮೆಗೆ ಸ್ತೋತ್ರ, ಮಳೆಗೆ ಸ್ತೋತ್ರ ಎಂದು ಹೇಳಿ ಮುಗಿಸುವಷ್ಟರಲ್ಲಿ ಪಲ್ಯ ಆರಿ ತಣ್ಣಗಾಗುತ್ತಿತ್ತು. ಮಾರ್ಥವ್ವ ಅದಕ್ಕೂ ಗೊಣಗುತ್ತಿದ್ದಳು. ಆದರೆ ಒಮ್ಮೆ ಅವನು ಗಡಿಬಿಡಿಯಲ್ಲಿ ಪ್ರಾರ್ಥನೆ ಮೊಟಕುಗೊಳಿಸಿದಾಗ, "ಬದನಿಕಾಯಿ ಬಿಟ್ರಲ್ಲ" ಎಂದು ನೆನಪಿಸಿದವಳೂ ಅವಳೇ.

ಎತ್ತು ಮಾತ್ರ ಅವರ ಮನೆಯಲ್ಲಿ ಒಂದೇ. ಅದರ ಹೆಸರು ಕೆಂದ. ಅದರ ಜೋಡಿ ಹಂಡ ಇದ್ದದ್ದು ಬದುವಿನಾಚೆಯ ನಿಜಗುಣಪ್ಪನ ಮನೆಯಲ್ಲಿ. ಇಬ್ಬರ ಅಪ್ಪಂದಿರ ಕಾಲದಿಂದಲೂ ಹೀಗೇ ನಡೆದುಬಂದಿತ್ತು. ಒಂದೊಂದು ಮನೆ ಒಂದೊಂದು ಎತ್ತು ಸಾಕುವುದು, ಕೆಲಸದ ದಿನ ಎರಡನ್ನೂ ಒಂದೇ ನೊಗಕ್ಕೆ ಹೂಡಿ ಎರಡೂ ಹೊಲ ಮಾಡುವುದು. ಭಾನುವಾರ ಯೋನಪ್ಪ ಕೆಂದನನ್ನು ಹೂಡುವುದಿಲ್ಲ. ಅದು ಕರ್ತನ ದಿನ, ಎತ್ತಿಗೂ ಬಿಡುವು. ಸೋಮವಾರ ನಿಜಗುಣಪ್ಪ ಹಂಡನನ್ನು ಹೂಡುವುದಿಲ್ಲ. ಅದು ಬಸವಣ್ಣನ ದಿನ, ಆ ಸೀಮೆಯಲ್ಲಿ ಅಂದು ಎತ್ತಿನ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಒಂದು ಎತ್ತು ನಿಂತರೆ ಇನ್ನೊಂದೂ ನಿಲ್ಲಲೇಬೇಕು. ಹೀಗಾಗಿ ಸುತ್ತಲಿನ ಹಳ್ಳಿಗಳಲ್ಲಿ ವಾರಕ್ಕೆರಡು ರಜೆ ಅನುಭವಿಸುತ್ತಿದ್ದ ಎತ್ತುಗಳೆಂದರೆ ಇವೆರಡೇ. ಎರಡೂ ದುಂಡಗೆ ಬೆಳೆದು, ದೊಡ್ಡ ಹುದ್ದೆಯ ಸಾಹೇಬರ ಗತ್ತಿನಲ್ಲಿ ನಡೆಯುತ್ತಿದ್ದವು.

ಈ ಸಲ ಹಿಂಗಾರಿ ಮಳೆ ತಡವಾಗಿ ಬಂದು, ಬಂದಷ್ಟೇ ಬೇಗ ಬಿಟ್ಟಿತ್ತು. ಶನಿವಾರ ನೆಲ ಹದಕ್ಕೆ ಬಂತು. ಬಿಳಿಜೋಳ ಬಿತ್ತಬೇಕು. ದಿನಕ್ಕೆ ಒಂದೇ ಹೊಲ ಆಗುತ್ತಿತ್ತು.

"ನಿಮ್ಮದು ದಿನ್ನಿ ಹೊಲ, ಮೊದಲ ಒಣಗತೈತಿ. ನಿಮ್ಮದ ಮೊದಲ ಆಗಲಿ" ಎಂದು ಯೋನಪ್ಪ ದೊಡ್ಡ ಮನಸ್ಸಿನಿಂದ ಹೇಳಿದ. ಹೊತ್ತು ಮುಳುಗುವಷ್ಟರಲ್ಲಿ ನಿಜಗುಣಪ್ಪನ ಹೊಲ ಬಿತ್ತಿ ಮುಗಿಯಿತು. ನಿಜಗುಣಪ್ಪ ಬೆವರು ಒರೆಸಿಕೊಂಡು, "ನಾಳೆ ನಿಮ್ಮದು ಮುಗಸೂಣು" ಎಂದ.

"ನಾಳೆ ಐತವಾರ ಅಲ್ಲೇನ ಅಣ್ಣಾ? ನಾಡದ ಹೂಡೂಣು."

"ನಾಡದ ಸೋಮವಾರಪಾ!"

ಇಬ್ಬರೂ ಬೀಜ ಬಿತ್ತುವ ಕೂರಿಗೆಯ ಆಚೀಚೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಇವನು ಸೋಮವಾರ ಖಾಲಿ ಇದೆ ಎಂದುಕೊಂಡಿದ್ದ, ಅವನು ಭಾನುವಾರ ಖಾಲಿ ಇದೆ ಎಂದುಕೊಂಡಿದ್ದ. ಇಷ್ಟು ವರ್ಷ ಅಕ್ಕಪಕ್ಕ ಬಾಳಿದರೂ ಬಿತ್ತಿಗೆಯ ಗಡಿಬಿಡಿಯಲ್ಲಿ ಪ್ರತಿಯೊಬ್ಬನಿಗೂ ನೆನಪಿದ್ದದ್ದು ತನ್ನ ದೇವರ ವಾರ ಮಾತ್ರ! ಹಗಲೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು, ಒಣಗಾಳಿ ಬೇರೆ ಬಿಟ್ಟಿತ್ತು. ಮಂಗಳವಾರದ ಹೊತ್ತಿಗೆ ಮೇಲಿನ ಮಣ್ಣು ಬಿರಿದು, ಬಿತ್ತಿದ ಕಾಳು ಮೊಳೆಯದೆ ಇಲಿಗಳ ಪಾಲಾಗುವುದು ಖಂಡಿತ. ಟ್ರ್ಯಾಕ್ಟರ್ ತರಿಸೋಣವೆಂದರೆ ಯೋನಪ್ಪನ ಹೊಲಕ್ಕೆ ಗಾಡಿ ಹೋಗುವ ದಾರಿ ನಿಜಗುಣಪ್ಪನ ಹೊಲದ ಮೇಲೆಯೇ, ಅದನ್ನು ಈಗಷ್ಟೇ ಇಬ್ಬರೂ ಸೇರಿ ಅಚ್ಚುಕಟ್ಟಾಗಿ ಬಿತ್ತಿ ಬಂದಿದ್ದರು.

ಮಾರ್ಥವ್ವನ ರೊಟ್ಟಿ ಅಷ್ಟು ಜೋರಾಗಿ ಸಪ್ಪಳ ಮಾಡಿದ್ದು ಇದಕ್ಕೆ. ಆ ಹೊಲದ ಜೋಳವೆಂದರೆ ಅವಳ ಮೂರು ಮಕ್ಕಳ ವರ್ಷದ ರೊಟ್ಟಿ.

"ಒಂದ ಐತವಾರ ಹೂಡ್ರಿ" ಎಂದಳು. "ಎತ್ತ ಬಾವ್ಯಾಗ ಬಿದ್ದರ ಸಬ್ಬತ್ ದಿನಾನೂ ಎತ್ತಬಹುದಂತ ಸ್ವಾಮಿನ ಹೇಳ್ಯಾನ."

"ಎತ್ತ ಬಿದ್ದಿಲ್ಲಲ್ಲ."

"ನಾವ ಬಿದ್ದೇವಲ್ರಿ!"

ಯೋನಪ್ಪ ತಟ್ಟೆ ಮುಂದೆ ಎಳೆದುಕೊಂಡು ನಿಧಾನವಾಗಿ ಹೇಳಿದ. "ಅವರ ಬಿತ್ತಿಗಿ ಎಷ್ಟ ತಡಾ ಆದರೂ ನಿಜಗುಣಣ್ಣ ಒಂದ ಐತವಾರ ಕೆಂದನ್ನ ಕೇಳಿಲ್ಲ. ನನ್ನ ದಿನಾ ಅವ ಇಷ್ಟ ಕಾಯ್ದಾನ. ನಾನ ಮುರದರ ಹೆಂಗ?" ಆಮೇಲೆ ಪ್ರಾರ್ಥನೆ ಮಾಡಿದ. ಬದನೆಕಾಯಿಯನ್ನು ಬಿಡಲಿಲ್ಲ. ಅವಳಿಗೆ ಮತ್ತಷ್ಟು ಉರಿಯಿತು.

ಭಾನುವಾರ ಸವದತ್ತಿಯ ಚರ್ಚಿಗೆ ಹೋಗಿಬಂದರು. ಪಾದ್ರಿಗಳು ಏನು ಹೇಳಿದರೋ ಮಾರ್ಥವ್ವನ ಕಿವಿಗೆ ಬೀಳಲಿಲ್ಲ. ಹಾಡುವಾಗಲೂ ಅವಳ ಕಣ್ಣು ಕಿಟಕಿಯಾಚೆಯ ಬಿಸಿಲಿನ ಮೇಲೆಯೇ ಇತ್ತು. ಮನೆಗೆ ಬಂದರೆ ಬಾಗಿಲಲ್ಲಿ ನಿಜಗುಣಪ್ಪನ ಹೆಂಡತಿ ಗಂಗವ್ವ ನಿಂತಿದ್ದಳು, ಕೈಯಲ್ಲಿ ಮಕ್ಕಳಿಗೆಂದು ಮಾಡಿದ ಸಿಹಿ ಸಜ್ಜಕದ ಬೋಗುಣಿ. ಮೂರೂ ಬಾಣಂತನಗಳಲ್ಲಿ ಮಾರ್ಥವ್ವನಿಗೆ ಎಣ್ಣೆ ಹಚ್ಚಿ ಎರೆದವಳು ಈ ಗಂಗವ್ವ. ಮಕ್ಕಳು ಅವಳನ್ನು ದೊಡ್ಡವ್ವ ಎಂದೇ ಕರೆಯುವುದು. ಅದೆಲ್ಲ ಗೊತ್ತಿದ್ದೂ ಮಾರ್ಥವ್ವನ ನಾಲಿಗೆ ಹಿಡಿತ ತಪ್ಪಿತು.

"ನಿಮ್ಮ ಹೊಲಾ ಆತಲ್ಲ ಗಂಗಕ್ಕ, ಇನ್ನ ನಿಮ್ಮ ಬಸವಣ್ಣ ಆರಾಮ ಮಲಗಲಿ. ನಮ್ಮ ಹುಡುಗ್ರು ಮುಂದ ಏನ ತಿನಬೇಕ, ಅದನ್ನೂ ಅವನ್ನ ಕೇಳ್ಕೊಂಡ ಬಾ."

ಗಂಗವ್ವ ಬೋಗುಣಿಯನ್ನು ಕಟ್ಟೆಯ ಮೇಲಿಟ್ಟು ಬದು ದಾಟಿ ಹೋದಳು. ಮಕ್ಕಳು ಸಜ್ಜಕ ತಿಂದು ಬೆರಳು ನೆಕ್ಕಿದರು. ಮಾರ್ಥವ್ವ ತನ್ನ ಪಾಲನ್ನೂ ಅವರಿಗೇ ಬಡಿಸಿದಳು. ಹೋಗಿ ಒಂದು ಮಾತು ಹೇಳಿ ಬರಬೇಕೆಂದು ಎರಡು ಸಲ ಬದುವಿನವರೆಗೆ ಹೋದಳು, ಎರಡು ಸಲವೂ ಎಮ್ಮೆಯ ನೆಪ ಮಾಡಿಕೊಂಡು ತಿರುಗಿ ಬಂದಳು.

ಸೋಮವಾರ ನಸುಕಿನಲ್ಲಿ ಎದ್ದು ನೋಡಿದರೆ ಯೋನಪ್ಪ ಅಟ್ಟದ ಮೇಲಿನ ಹಳೆಯ ಸಣ್ಣ ಕೂರಿಗೆಯನ್ನು ಇಳಿಸಿ ಹಗ್ಗ ಕಟ್ಟುತ್ತಿದ್ದ. ಎತ್ತು ಇಲ್ಲದಿದ್ದರೆ ತಾನೇ ಎಳೆಯುವುದಂತೆ. ಮಾರ್ಥವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆದಳು. ಅವಳೇ ಕೂರಿಗೆ ಹಿಡಿದು ಅದರ ಬಟ್ಟಲಿಗೆ ಕಾಳು ಬಿಟ್ಟಳು, ಯೋನಪ್ಪ ಮತ್ತು ಕೃಪಾ ಎಳೆದರು, ಇಮ್ಮಾನುವೇಲ ಹಗ್ಗದ ತುದಿ ಹಿಡಿದು ಬಾಯಲ್ಲಿ ಮಾತ್ರ ಎಳೆದ. ಎರೆ ಮಣ್ಣು ಅಷ್ಟು ಸುಲಭದಲ್ಲಿ ಬಿಡುವಂಥದ್ದಲ್ಲ. ಒಂದು ಸಾಲು ಮುಗಿಯುವಷ್ಟರಲ್ಲಿ ಯೋನಪ್ಪ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಮಾರ್ಥವ್ವ ಹೊಲದ ಉದ್ದಗಲ ನೋಡಿದಳು. ಹೀಗೆ ಎಳೆದರೆ ಮುಗಿಯುವ ಕೆಲಸವಲ್ಲ ಇದು.

"ಏ ಯೋನಪ್ಪಾ, ತಡಿಯೋ!"

ಬದುವಿನ ಮೇಲೆ ನಿಜಗುಣಪ್ಪ, ಅವನ ಬೆನ್ನಿಗೆ ಇಬ್ಬರು ಗಟ್ಟಿಮುಟ್ಟಾದ ಗಂಡುಮಕ್ಕಳು, ಎಲ್ಲರ ಹಿಂದೆ ಸೆರಗು ಸಿಕ್ಕಿಸಿಕೊಂಡ ಗಂಗವ್ವ. "ಸೋಮವಾರ ಅಣ್ಣಾ" ಎಂದು ಯೋನಪ್ಪ ತೊದಲಿದ.

"ಸೋಮವಾರ ಎತ್ತ ಹೂಡಬಾರದಂತ ಐತಿ. ನನ್ನ ಹೂಡಬಾರದಂತ ಯಾರರೆ ಹೇಳ್ಯಾರೇನು?" ಎಂದು ನಿಜಗುಣಪ್ಪ ಹಗ್ಗವನ್ನು ಹೆಗಲಿಗೆ ಏರಿಸಿಕೊಂಡೇಬಿಟ್ಟ. "ಲಗೂನ ಹಿಡೀರೊ. ಬಿಸಲೇರತೈತಿ."

ಆಮೇಲೆ ಕೂರಿಗೆ ಸಾಗಿತು. ಯೋನಪ್ಪ ಹಿಂದೆ ಕೂರಿಗೆಯ ಹಿಡಿಕೆ ಹಿಡಿದ, ಮಾರ್ಥವ್ವ ಅವನ ಪಕ್ಕದಲ್ಲಿ ನಡೆಯುತ್ತ ಕಾಳು ಬಿಟ್ಟಳು, ಉಳಿದವರು ಎಳೆದರು. ಕೆಂದ ಮತ್ತು ಹಂಡ ಬದುವಿನ ಮೇಲೆ ಮಲಗಿ ಮೆಲುಕು ಹಾಕುತ್ತ ಮನುಷ್ಯರ ಕೆಲಸವನ್ನು ಉಸ್ತುವಾರಿ ಮಾಡಿದವು. "ಹಂಡ ಹೆಂಗ ನೋಡಾಕಹತ್ತೈತಿ ನೋಡ್ರಿ, ಚಾಬೂಕ ಅಷ್ಟ ಕಡಿಮಿ" ಎಂದು ನಿಜಗುಣಪ್ಪ ನಗಿಸಿದ. ಮಾರ್ಥವ್ವನಿಗೆ ನಗು ಬರಲಿಲ್ಲ. ಅವಳ ಕಣ್ಣೆದುರಿಗೇ ಗಂಗವ್ವನ ಬೆನ್ನು, ಹಗ್ಗ ಜಗ್ಗುವಾಗ ಬಾಗುವ ಬೆನ್ನು. ಗಂಗವ್ವ ಬೆಳಗಿನಿಂದ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಎಷ್ಟು ಸಾಲು ತಿರುಗಿದರೂ ಅವಳು ಹಗ್ಗ ಬಿಡಲಿಲ್ಲ. ಕೃಪಾ ಸುಸ್ತಾಗಿ ಕೂತಾಗ ಅವಳ ಪಾಲಿನದನ್ನೂ ತಾನೇ ಎಳೆದಳು. ಮಾರ್ಥವ್ವನ ಮನಸ್ಸಿನಲ್ಲಿ ಸ್ತೋತ್ರ ತಾನಾಗಿಯೇ ಎದ್ದು ಬಂತು, ಅದರ ಜೊತೆಗೆ ನಾಚಿಕೆಯೂ ಬಂತು. ಎರಡೂ ಕೂಡಿ ಕಣ್ಣು ಮಂಜಾಗಿ ಒಂದು ಕಡೆ ಕಾಳು ದಟ್ಟ ಬಿತ್ತು.

"ಕಾಳ ಸುರವತೀಯೇನ? ಕೈ ಸಡಲ ಬಿಡಬ್ಯಾಡ" ಎಂದು ಯೋನಪ್ಪ ಗದರಿದ. ಅವಳು ತಿರುಗಿ ಗದರದೆ ಮುಷ್ಟಿ ಬಿಗಿ ಮಾಡಿಕೊಂಡಳು. ಅವನಿಗೆ ಅದೇ ದೊಡ್ಡ ಆಶ್ಚರ್ಯ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಹೊಲದ ಮುಕ್ಕಾಲು ಪಾಲು ಮುಗಿದಿತ್ತು. ಬನ್ನಿ ಗಿಡದ ನೆರಳಿನಲ್ಲಿ ಮಾರ್ಥವ್ವ ರೊಟ್ಟಿಯ ಗಂಟು ಬಿಚ್ಚಿದಳು. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಗಡಿಗೆ ತುಂಬ ಮೊಸರು, ರೂತ್ ಒಡೆಯದೆ ಉಳಿಸಿದ ತತ್ತಿ ಕುದಿಸಿದ್ದು. ನಿಜಗುಣಪ್ಪನ ಮನೆಯವರು ತಿನ್ನುವುದಿಲ್ಲವಾದ್ದರಿಂದ ತತ್ತಿ ತಮ್ಮ ಮಕ್ಕಳಿಗಷ್ಟೇ. ಎಲ್ಲರೂ ಕುಳಿತರು. ಯೋನಪ್ಪ ಕಣ್ಣು ಮುಚ್ಚಿದ. ನಿಜಗುಣಪ್ಪನೂ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಸುಮ್ಮನೆ ಕಾದ, ಈ ಪದ್ಧತಿ ಅವನಿಗೆ ಹೊಸದಲ್ಲ.

"ಮಳಿಗೆ ಸ್ತೋತ್ರ ಕರ್ತನೇ. ಹಗ್ಗಕ್ಕ ಸ್ತೋತ್ರ. ನಿಜಗುಣಣ್ಣನ ಹೆಗಲಿಗೆ ಸ್ತೋತ್ರ..."

"ಹೆಗಲಿಗೆ ಹಸದೈತಪಾ, ಲಗೂನ ಮುಗಸು" ಎಂದ ನಿಜಗುಣಪ್ಪ. ಮಕ್ಕಳು ಕಿಸಕ್ಕನೆ ನಕ್ಕರು.

ಮಾರ್ಥವ್ವ ಪ್ರಾರ್ಥನೆಯ ನಡುವೆಯೇ ಒಂದು ಕಣ್ಣು ತೆರೆದಳು. ಗಂಗವ್ವ ಊಟಕ್ಕೆ ಕುಳಿತವರಿಂದ ದೂರ, ಗಿಡದ ಆಚೆ ಬದಿಯಲ್ಲಿ ಕಾಂಡಕ್ಕೆ ಒರಗಿ ಕೂತಿದ್ದಳು. ಮುಂದೆ ತಟ್ಟೆ ಇರಲಿಲ್ಲ, ಒಂದು ತಂಬಿಗೆ ನೀರು ಮಾತ್ರ. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡಳು ಮಾರ್ಥವ್ವ. ಮರುಗಳಿಗೆಯೇ ಹೊಳೆಯಿತು. ಸೋಮವಾರ. ಗಂಗವ್ವನ ಉಪವಾಸದ ದಿನ. ಸಂಜೆ ದೀಪ ಹಚ್ಚಿ ಪೂಜೆ ಮುಗಿಸುವವರೆಗೆ ಅವಳು ಒಂದು ಚೂರು ರೊಟ್ಟಿಯನ್ನೂ ಮುಟ್ಟುವವಳಲ್ಲ. ಸೋಮವಾರ ಎಂಬುದನ್ನು ಎರಡು ದಿನದಿಂದ ಬೈದದ್ದೇ ಬೈದದ್ದು, ಇದೊಂದು ಮಾತ್ರ ಮಾರ್ಥವ್ವನಿಗೆ ನೆನಪಾಗಿರಲಿಲ್ಲ. ಬೆಳಗಿನಿಂದ ಈ ಹೆಂಗಸು ಬರೀ ಹೊಟ್ಟೆಯಲ್ಲಿ ತನ್ನ ಹೊಲದ ಹಗ್ಗ ಜಗ್ಗಿದ್ದಾಳೆ.

ಎಲ್ಲರಿಗೂ ಬಡಿಸಿ ಮುಗಿಸಿದ ಮೇಲೆ ಮಾರ್ಥವ್ವ ತನ್ನ ರೊಟ್ಟಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿಟ್ಟು, ಗಿಡದ ಆಚೆ ಹೋಗಿ ನಿಂತಳು.

"ಗಂಗಕ್ಕ, ನಿನ್ನೆ ಬಾಯಿಗೆ ಬಂದಂಗ ಅಂದೆ. ತಪ್ಪಾತು."

"ಮನಸಿನ್ಯಾಗ ಇಟ್ಕೊಂಡಿದ್ದರ ಹಗ್ಗಾ ಹಿಡೀತಿದ್ನೇನ? ಹೋಗು, ಉಣ್ಣಹೋಗು. ಇನ್ನ ಭಾಳ ಸಾಲು ಅದಾವು."

ಮಾರ್ಥವ್ವ ಹೋಗಲಿಲ್ಲ.

"ಯಾಕ, ಉಣ್ಣಂಗಿಲ್ಲೇನ ನೀ?"

"ಇವತ್ತ ಸೋಮವಾರ ಅಲ್ಲೇನ?" ಎಂದಳು ಮಾರ್ಥವ್ವ.

ಗಂಗವ್ವ ತಲೆಯೆತ್ತಿ ಅವಳನ್ನೇ ನೋಡಿದಳು. ಸ್ವಲ್ಪ ಸರಿದು ನೆರಳಿನಲ್ಲಿ ಜಾಗ ಮಾಡಿದಳು, ನೀರಿನ ತಂಬಿಗೆಯನ್ನು ಇಬ್ಬರ ನಡುವೆ ಇಟ್ಟಳು.