ಏಡಿಗೆ ಕೊಟ್ಟ ಮದ್ದು

ಗೋಕಾಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ದಾಕ್ಷಾಯಿಣಿ ಸಂಜೆ ಮೂಡಲಗಿಯ ಮನೆಗೆ ಬಂದರೆ ಅತ್ತೆ ಗೌರವ್ವ ನೇರ ಒಳಗೆ ಬಿಡುತ್ತಿರಲಿಲ್ಲ. ಮೊದಲು ಹಿತ್ತಲ ಬಚ್ಚಲಲ್ಲಿ ತಲೆಸ್ನಾನವಾಗಬೇಕು.

"ಲಿಂಗ ಕಟ್ಟಿದ ಮನಿ ಇದು. ಏಡಿ ಕೊಯ್ದ ಕೈಲೆ ನನ್ನ ಒಲಿ ಮುಟ್ಟಬ್ಯಾಡ."

ಪಿಎಚ್.ಡಿ.ಗಾಗಿ ದಾಕ್ಷಾಯಿಣಿ ಮೇಲವಂಕಿ ಕಾಲುವೆಯ ಏಡಿಗಳ ಬೆನ್ನು ಹತ್ತಿದ್ದಳು. ಹೆಂಗಸರ ಬಸಿರನ್ನು ಕಾಪಾಡುವ ಪ್ರೊಜೆಸ್ಟರೋನ್ ಹಾರ್ಮೋನನ್ನು ಹೆಣ್ಣೇಡಿಗೆ ಚುಚ್ಚಿದರೆ ಅದರ ಅಂಡಾಶಯ ಉಬ್ಬಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ಹಾಗಾದರೆ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಿ ಏಡಿಯ ಮೈಯಲ್ಲೂ ಇರಬೇಕು. ಅದೆಲ್ಲಿದೆ ಎಂಬುದೇ ಅವಳ ಹುಡುಕಾಟ.

"ಏಡಿಗೆ ತತ್ತಿ ತರಿಸ್ತಾಳ, ತನ್ನ ಹೊಟ್ಟಿ ಮಾತ್ರ ಖಾಲಿ," ಎಂದು ಗೌರವ್ವ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು.

ದೀಪಾವಳಿಯ ನಂತರ ದಾಕ್ಷಾಯಿಣಿಯ ಮುಟ್ಟು ಏರುಪೇರಾಯಿತು. ಎದೆ ಬಿಗಿತ, ತಲೆಸುತ್ತು. ಗೋಕಾಕದ ಡಾಕ್ಟರಮ್ಮ ಪರೀಕ್ಷಿಸಿ, "ಯಾವ ಹಾರ್ಮೋನ್ ಗುಳಿಗಿ ತಗೊಳ್ಳಾಕತ್ತೀರಿ?" ಎಂದು ಕೇಳಿದರು.

"ಒಂದೂ ಇಲ್ರಿ."

ಅನ್ನುವಾಗಲೇ ಅವಳಿಗೆ ಅತ್ತೆ ದಿನಾ ತಪ್ಪದೆ ಕೈಗಿಡುವ ಹಾಲಿನ ಲೋಟ ನೆನಪಾಯಿತು.

ಆ ಸಂಜೆ ಬಚ್ಚಲಿಗೆ ಹೋಗದೆ ಸೀದಾ ಅಡುಗೆಮನೆಗೆ ನುಗ್ಗಿದಳು. ಗೌರವ್ವ ಯಾಲಕ್ಕಿ ಕುಟ್ಟುವ ಕಲ್ಲಿನಲ್ಲಿ ಗುಳಿಗೆ ಅರೆಯುತ್ತಿದ್ದಳು. ಪಕ್ಕದಲ್ಲಿದ್ದ ಚೀಟಿಯ ಮೇಲೆ ಅದೇ ಹೆಸರು, ಪ್ರೊಜೆಸ್ಟರೋನ್.

"ಯಾರು ತಂದುಕೊಟ್ಟರು?"

"ನಿನ್ನ ಗಂಡನ ತಂದಾನ, ಹುಕ್ಕೇರಿಯಿಂದ. ನಿನಗೂ ಬಸರು ನಿಲ್ಲಲಿ ಅಂತ."

ಬಾಗಿಲಲ್ಲಿ ನಿಂತಿದ್ದ ಗಂಡ ಬಾಳೇಶ ಮುಖ ಎತ್ತಲಿಲ್ಲ.

"ನನ್ನ ಕೇಳಲಾರದ ನನ್ನ ಮೈಯಾಗ ಔಷಧ ಹಾಕಿದ್ರಿ?"

"ನೀ ಏಡಿನ ಕೇಳಿ ಸೂಜಿ ಚುಚ್ಚತಿಯೇನು?" ಎಂದಳು ಗೌರವ್ವ.

ಮಾತು ನೆಟ್ಟಗೆ ನಾಟಿತು. ದಾಕ್ಷಾಯಿಣಿ ಪಕ್ಕದಲ್ಲಿದ್ದ ಲೋಟ ಎತ್ತಿ ಹಾಲನ್ನು ಒಲೆಯ ಮೇಲೆ ಸುರಿದಳು. ಒಲೆ ಚುರ್ರೆಂದು ಆರಿತು.

"ಏಡಿಗೆ ಬಾಯಿಲ್ಲ. ನನಗೈತಿ!"

ಅಂಗಳಕ್ಕೆ ಬಂದು, ಹಾಲಿಗೆ ಏನು ಬೆರೆಸುತ್ತಿದ್ದರೆಂದು ಒದರಿದಳು. ಬಾಜೂ ಮನೆಯ ಹೆಂಗಸರು ಹೊರಬಂದರು. "ಮನಿ ಮಾನ ತಗದ್ಲು!" ಎಂದು ಗೌರವ್ವ ಎದೆ ಬಡಿದುಕೊಂಡಳು. ಬಾಳೇಶ ಮೊಣಕೈ ಹಿಡಿದು ಒಳಗೆಳೆದ. ಅವಳು ಕೊಸರಿಕೊಂಡು ಬಸ್ ಹಿಡಿದು ಗೋಕಾಕದ ಗೆಳತಿ ಶೋಭಾಳ ಮನೆ ಸೇರಿದಳು.

ಒಂದು ವಾರಕ್ಕೆ ಬಾಳೇಶ ಕಾಲೇಜಿಗೆ ಬಂದ.

"ಅವ್ವ ಒಳ್ಳೇದಕ್ಕ ಮಾಡ್ಯಾಳ. ಒಂದ್ಸಲ ತಪ್ಪಾತು ಅನ್ನು, ಎಲ್ಲಾ ಮುಗೀತು."

"ನಾನು? ತಪ್ಪಾತು ಅನ್ನಬೇಕು?"

"ಹಿರೇರು ಅವರು."

"ನಿನ್ನೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟು ಬಂದೇನ್ರಿ."

"ಅವ್ವನ ಮ್ಯಾಲೆ?"

"ಇಬ್ಬರ ಮ್ಯಾಲೂ," ಎಂದು ಹೇಳಿ ಅವಳು ಕ್ಲಾಸಿಗೆ ಹೋದಳು.